ನರ್ಸಿಂಗ್ ಎಂಟ್ರೆನ್ಸಿಗೆ ಸೆಲ್ ಮತ್ತೆ ಜೆನೆಟಿಕ್ಸ್ ಓದುದು ಹೇಗೆ: ರಕ್ತದಿಂದ ಶುರು ಮಾಡಿ

ಪಿಯುಸಿ ಎಕ್ಸಾಮ್ ಮುಗಿದ ಕೂಡ್ಲೇ ನಮ್ಮ ಮಂಗಳೂರು ಉಡುಪಿ ಕಡೆ ಎಷ್ಟೋ ಮನೆಯಲ್ಲಿ ಇದೇ ಮಾತು, ನರ್ಸಿಂಗಿಗೆ ಎಂಟ್ರೆನ್ಸ್ ಬರಿಲಿಕ್ಕುಂಟು, ಬಯಾಲಜಿ ಎಲ್ಲಿಂದ ಹಿಡಿಯುದು ಅಂತ. ಕಾರ್ಕಳ, ಬೆಳ್ತಂಗಡಿ, ಕುಂದಾಪುರ ಕಡೆಯಿಂದ ಕನ್ನಡ ಮೀಡಿಯಮಲ್ಲಿ ಓದಿ ಬಂದ ಮಕ್ಕಳಿಗಂತೂ ಆ ಇಂಗ್ಲಿಷ್ ಹೆಸರುಗಳನ್ನು ಬಾಯಿಪಾಠ ಮಾಡುದರಲ್ಲೇ ಅರ್ಧ ಜೀವ ಹೋಗ್ತದೆ. ನಾನು ಹೇಳುದು ಒಂದೇ, ಆರ್ಗನೆಲ್ (ಸೆಲ್ಲಿನ ಒಳಗಿನ ಪುಟ್ಟ ಭಾಗಗಳು) ಲಿಸ್ಟಿನಿಂದ ಶುರು ಮಾಡ್ಬೇಡಿ, ರಕ್ತದಿಂದ ಶುರು ಮಾಡಿ. ನಾಳೆ ವಾರ್ಡಿನಲ್ಲಿ ದಿನಾ ನೋಡ್ಲಿಕ್ಕಿರುದು ಅದೇ, ಮತ್ತೆ ಈ ಎರಡೂ ಚಾಪ್ಟರಿನ ಮುಖ್ಯ ವಿಷಯ ಹೆಚ್ಚಿನದ್ದೂ ಅದರಲ್ಲೇ ಸಿಗ್ತದೆ.

ಮೊದಲು ಕೆಂಪು ರಕ್ತಕಣ (ಆರ್‌ಬಿಸಿ) ತಗೊಳ್ಳಿ. ಬಲಿತ ಆರ್‌ಬಿಸಿಯಲ್ಲಿ ನ್ಯೂಕ್ಲಿಯಸ್ ಇಲ್ಲ, ಮೈಟೋಕಾಂಡ್ರಿಯಾ ಇಲ್ಲ, ರೈಬೋಸೋಮ್ ಸಹ ಇಲ್ಲ. ಈಗ ಒಂದೊಂದಕ್ಕೂ "ಹಾಗಾದ್ರೆ ಎಂತ ಆಗ್ತದೆ" ಅಂತ ಕೇಳ್ಕೊಳ್ಳಿ. ನ್ಯೂಕ್ಲಿಯಸ್, ರೈಬೋಸೋಮ್ ಇಲ್ಲ ಅಂದ್ಮೇಲೆ ಹೊಸ ಪ್ರೋಟೀನ್ ಮಾಡ್ಲಿಕ್ಕೆ ಆಗುದಿಲ್ಲ, ಹಾಳಾದದ್ದನ್ನು ರಿಪೇರಿ ಮಾಡ್ಲಿಕ್ಕೂ ಆಗುದಿಲ್ಲ, ಹಾಗಾಗಿ ಅದರ ಆಯುಷ್ಯ ಸುಮಾರು 120 ದಿನ, ಆಮೇಲೆ ಸ್ಪ್ಲೀನಿನಲ್ಲಿ ನಾಶ ಆಗ್ತದೆ. ಮೈಟೋಕಾಂಡ್ರಿಯಾ ಇಲ್ಲದ ಕಾರಣ ತಾನು ಹೊತ್ತುಕೊಂಡು ಹೋಗುವ ಆಕ್ಸಿಜನನ್ನು ತಾನೇ ಖರ್ಚು ಮಾಡುದಿಲ್ಲ, ಎನರ್ಜಿ ಗ್ಲೈಕೋಲಿಸಿಸಿನಿಂದ, ಅಂದ್ರೆ ಆಕ್ಸಿಜನ್ ಇಲ್ಲದೆ ಗ್ಲೂಕೋಸ್ ಒಡೆಯುದರಿಂದ ಬರ್ತದೆ. ನೋಡಿ, ಇಲ್ಲದೇ ಇರುವ ಮೂರು ಆರ್ಗನೆಲ್ಲಿನಿಂದಲೇ ಮೂರು ಆರ್ಗನೆಲ್ಲಿನ ಕೆಲಸ ಗೊತ್ತಾಯ್ತು. "ಮೈಟೋಕಾಂಡ್ರಿಯಾ ಅಂದ್ರೆ ಪವರ್‌ಹೌಸ್" ಅಂತ ಬರೀ ಹೇಳಿಕೊಂಡು ಕೂತ್ರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದಾಗ ಕೈ ಕೊಡ್ತದೆ. ಉಳಿದದ್ದನ್ನೂ ಹೀಗೆಯೇ ಒಂದೊಂದು ಸೆಲ್ಲಿಗೆ ಜೋಡಿಸಿ: ಸೋಂಕು ಬಂದಾಗ ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೋಫಿಲಿನಲ್ಲಿ ಲೈಸೋಸೋಮ್ (ನುಂಗಿದ್ದನ್ನು ಕರಗಿಸುವ ಚೀಲ) ಜಾಸ್ತಿ, ಆಂಟಿಬಾಡಿ ಮಾಡುವ ಪ್ಲಾಸ್ಮಾ ಸೆಲ್ಲಿನಲ್ಲಿ ರಫ್ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ರೈಬೋಸೋಮ್ ಅಂಟಿಕೊಂಡ ಪೊರೆಯ ಜಾಲ) ಜಾಸ್ತಿ, ಔಷಧಿಯ ವಿಷ ತೆಗೆಯುವ ಲಿವರ್ ಸೆಲ್ಲಿನಲ್ಲಿ ಸ್ಮೂತ್ ಇಆರ್ ಜಾಸ್ತಿ. ರೈಬೋಸೋಮ್ ಬ್ಯಾಕ್ಟೀರಿಯಾದಲ್ಲಿ 70ಎಸ್ (ಎಸ್ ಅಂದ್ರೆ ಎಷ್ಟು ಬೇಗ ಕೆಳಗೆ ಕೂರ್ತದೆ ಅನ್ನುವ ಅಳತೆ), ನಮ್ಮ ಸೈಟೋಪ್ಲಾಸಂನಲ್ಲಿ 80ಎಸ್, ಆದ್ರೆ ನಮ್ಮದೇ ಮೈಟೋಕಾಂಡ್ರಿಯಾದ ಒಳಗೆ ಇರುದು 70ಎಸ್ ಅಂತಲೇ ಪುಸ್ತಕದಲ್ಲಿ ಉಂಟು, ಇದನ್ನು ಬಿಡ್ಲೇ ಬೇಡಿ.

ಆಸ್ಮೋಸಿಸ್ಸಿಗೆ (ಸೆಲ್ಲಿನ ಪೊರೆ ದಾಟಿ ನೀರು ಹೋಗುದು) ಒಂದು ಕೆಲಸ ಮಾಡಿ, ಯಾರನ್ನಾದ್ರೂ ನೋಡ್ಲಿಕ್ಕೆ ಆಸ್ಪತ್ರೆಗೆ ಹೋದಾಗ ನೇತಾಡುವ ನಾರ್ಮಲ್ ಸಲೈನ್ ಬಾಟ್ಲಿಯ ಲೇಬಲ್ ಓದಿ, 0.9% ಸೋಡಿಯಂ ಕ್ಲೋರೈಡ್ ಅಂತ ಇರ್ತದೆ. ಅಷ್ಟೇ ಯಾಕೆ? ರಕ್ತಕಣದ ಒಳಗೂ ಹೊರಗೂ ಸಾಂದ್ರತೆ ಸಮ ಆಗಿರ್ಲಿ ಅಂತ, ಅದು ಐಸೋಟಾನಿಕ್. ಡಿಸ್ಟಿಲ್ಡ್ ವಾಟರಿಗೆ ಆರ್‌ಬಿಸಿ ಹಾಕಿದ್ರೆ ನೀರು ಒಳಗೆ ನುಗ್ಗಿ ಉಬ್ಬಿ ಒಡೀತದೆ, ಗಟ್ಟಿ ಉಪ್ಪುನೀರಿಗೆ ಹಾಕಿದ್ರೆ ನೀರು ಹೊರಗೆ ಹೋಗಿ ಮುದುಡ್ತದೆ. ಹೈಪೋ (ಹೊರಗೆ ಉಪ್ಪು ಕಮ್ಮಿ), ಹೈಪರ್ (ಹೊರಗೆ ಉಪ್ಪು ಜಾಸ್ತಿ) ಯಾವುದು ಯಾವುದು ಅಂತ ಗೊಂದಲ ಆದ್ರೆ ಈ ಎರಡು ಚಿತ್ರ ಬರೆದು ನೀರಿನ ಬಾಣ ಹಾಕಿ, ಸಾಕು.

ಸೆಲ್ ಡಿವಿಷನ್ನಿನಲ್ಲಿ ಮಕ್ಕಳು ಎಡವುದು ಲೆಕ್ಕದಲ್ಲಿ. ಒಂದೇ ನಿಯಮ ಇಟ್ಕೊಳ್ಳಿ, ಸೆಂಟ್ರೋಮಿಯರ್ (ಕ್ರೋಮೋಸೋಮಿನ ಎರಡು ಎಳೆ ಸೇರಿರುವ ಜಾಗ) ಎಷ್ಟೋ ಕ್ರೋಮೋಸೋಮ್ ಅಷ್ಟು. ಮನುಷ್ಯನ ಸೆಲ್ಲಿನಲ್ಲಿ 46, ಎಸ್ ಫೇಸಲ್ಲಿ ಡಿಎನ್‌ಎ ಡಬಲ್ ಆದ್ರೂ ಕ್ರೋಮೋಸೋಮ್ 46 ಆಗಿಯೇ ಇರ್ತದೆ, ಮೆಟಾಫೇಸಲ್ಲಿ ಕ್ರೋಮಾಟಿಡ್ (ಆ ಎಳೆಗಳು) 92. ಮೈಟೋಸಿಸ್ಸಿನ ಅನಾಫೇಸಲ್ಲಿ ಸೆಂಟ್ರೋಮಿಯರ್ ಸೀಳ್ತದೆ, ಆಗ ಮಾತ್ರ ಕ್ರೋಮೋಸೋಮ್ 92, ಆಮೇಲೆ ಎರಡು ಸೆಲ್ಲಿಗೂ 46 46. ಅಂಡ, ವೀರ್ಯಾಣು ಮಾಡುವ ಮಿಯೋಸಿಸ್ಸಿನ ಒಂದನೇ ಡಿವಿಷನ್ನಿನಲ್ಲಿ ಸೆಂಟ್ರೋಮಿಯರ್ ಸೀಳುದಿಲ್ಲ, ಜೋಡಿ ಮಾತ್ರ ಬೇರೆ ಆಗುದು, ಹಾಗಾಗಿ 23. ಆ ಬೇರೆ ಆಗುದು ಸರಿ ಆಗದಿದ್ರೆ ನಾನ್‌ಡಿಸ್‌ಜಂಕ್ಷನ್. 21ನೇ ಕ್ರೋಮೋಸೋಮ್ ಮೂರು ಬಂದ್ರೆ ಡೌನ್ ಸಿಂಡ್ರೋಮ್ 47, ಒಂದೇ ಎಕ್ಸ್ ಇದ್ರೆ ಟರ್ನರ್ 45, ಎಕ್ಸ್‌ಎಕ್ಸ್‌ವೈ ಆದ್ರೆ ಕ್ಲೈನ್‌ಫೆಲ್ಟರ್ 47. ಮೆಂಡೆಲ್ ಬಟಾಣಿ ಗಿಡದ ಪೇಪರ್ ಪ್ರಿಂಟ್ ಆದದ್ದು 1866ರಲ್ಲಿ, ಲ್ಯಾಂಗ್‌ಡನ್ ಡೌನ್ ಈ ಸಿಂಡ್ರೋಮಿನ ಬಗ್ಗೆ ಬರೆದದ್ದೂ ಅದೇ ವರ್ಷ, ಎರಡೂ ಒಟ್ಟಿಗೆ ನೆನಪಿರ್ತದೆ.

ಇನ್ನು ಬ್ಲಡ್ ಗ್ರೂಪ್. ಇದಕ್ಕೆ ಟೈಮ್ ಕೊಡಿ ಮಾರಾಯ್ರೆ, ಡಾಮಿನೆಂಟ್, ರಿಸೆಸಿವ್, ಕೋಡಾಮಿನೆನ್ಸ್, ಮಲ್ಟಿಪಲ್ ಅಲೀಲ್ (ಅಲೀಲ್ ಅಂದ್ರೆ ಒಂದೇ ಜೀನಿನ ಬೇರೆ ಬೇರೆ ರೂಪ) ನಾಲ್ಕೂ ಇದೊಂದರಲ್ಲೇ ಕಲೀಲಿಕ್ಕೆ ಆಗ್ತದೆ. ಎ ಮತ್ತೆ ಬಿ ಅಲೀಲ್ ಎರಡೂ ಡಾಮಿನೆಂಟ್, ಒಟ್ಟಿಗೆ ಬಂದ್ರೆ ಎರಡೂ ಕಾಣ್ತದೆ, ಅದು ಎಬಿ. ಓ ರಿಸೆಸಿವ್. ಅಮ್ಮ ಎ ಗ್ರೂಪ್, ಅಪ್ಪ ಬಿ ಗ್ರೂಪ್, ಮಗು ಓ ಆಗ್ಬಹುದಾ? ಆಗ್ಬಹುದು, ಅಮ್ಮ ಎಓ ಅಪ್ಪ ಬಿಓ ಆಗಿದ್ರೆ ನಾಲ್ಕು ಮನೆಯ ಚೌಕ ಹಾಕಿ, ಎಬಿ, ಎ, ಬಿ, ಓ ಪ್ರತಿಯೊಂದಕ್ಕೂ 25% ಬರ್ತದೆ. ಎಬಿ ಮತ್ತು ಓ ದಂಪತಿಗೆ ಎ ಅಥವಾ ಬಿ ಮಕ್ಕಳು ಮಾತ್ರ. ಬಾಂಬೆ ಬ್ಲಡ್ ಗ್ರೂಪಿನವರದ್ದು ಸಾಧಾರಣ ಟೆಸ್ಟಿನಲ್ಲಿ ಓ ಥರ ಕಾಣ್ತದೆ, ಆದ್ರೆ ಓ ಗ್ರೂಪಿನವರ ರಕ್ತಕಣದಲ್ಲೂ ಇರುವ ಎಚ್ ಆಂಟಿಜನ್ನೇ ಇಲ್ಲದ ಕಾರಣ ಅವರಿಗೆ ಓ ರಕ್ತ ಸಹ ಕೊಡುವ ಹಾಗಿಲ್ಲ. 1952ರಲ್ಲಿ ಮುಂಬೈಯಲ್ಲಿ ಗೊತ್ತಾದದ್ದು ಇದು.

ಕಲರ್ ಬ್ಲೈಂಡ್‌ನೆಸ್, ಹೀಮೋಫೀಲಿಯಾ ಎರಡೂ ಎಕ್ಸ್ ಲಿಂಕ್ಡ್, ಅಂದ್ರೆ ಜೀನ್ ಇರುದು ಎಕ್ಸ್ ಕ್ರೋಮೋಸೋಮಿನಲ್ಲಿ. ಇಲ್ಲಿ ಪ್ರಶ್ನೆಯ ಶಬ್ದ ನೋಡಿ. ಅಮ್ಮ ಕ್ಯಾರಿಯರ್ (ರೋಗ ಇಲ್ಲ, ಜೀನ್ ಮಾತ್ರ ಉಂಟು), ಅಪ್ಪ ನಾರ್ಮಲ್, "ಮಕ್ಕಳಲ್ಲಿ ಎಷ್ಟು" ಅಂದ್ರೆ 25%, "ಗಂಡು ಮಕ್ಕಳಲ್ಲಿ ಎಷ್ಟು" ಅಂದ್ರೆ 50%. ಆಪ್ಷನ್ನಿನಲ್ಲಿ ಎರಡೂ ಇರ್ತದೆ, ಅವಸರದಲ್ಲಿ ಟಿಕ್ ಹಾಕಿದ್ರೆ ಹೋಯ್ತು. ಸಿಕಲ್ ಸೆಲ್ ಹಾಗಲ್ಲ, ಅದು ಆಟೋಸೋಮಲ್ ರಿಸೆಸಿವ್, ಗಂಡು ಹೆಣ್ಣು ಭೇದ ಇಲ್ಲ, ಇಬ್ಬರೂ ಕ್ಯಾರಿಯರ್ ಆದ್ರೆ ರೋಗ ಬರುವ ಸಾಧ್ಯತೆ 25%. ಹೀಮೋಗ್ಲೋಬಿನ್ನಿನ ಬೀಟಾ ಚೈನಿನ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಹೋಗಿ ವಾಲಿನ್ ಬರ್ತದೆ, ಜಿಎಜಿ ಇದ್ದ ಕೋಡಾನ್ (ಮೂರು ಅಕ್ಷರದ ಕೋಡ್) ಜಿಯುಜಿ ಆಗ್ತದೆ, ಒಂದೇ ಒಂದು ಅಕ್ಷರ. ಅದರಿಂದ ಆಕ್ಸಿಜನ್ ಕಮ್ಮಿ ಆದಾಗ ದುಂಡಗಿನ ಕಣ ಕುಡುಗೋಲಿನ ಆಕಾರಕ್ಕೆ ತಿರುಗ್ತದೆ.

ಇಲ್ಲಿಂದ ಡಿಎನ್‌ಎಗೆ ದಾಟಿ. ಅದರ ನಾಲ್ಕು ಬೇಸುಗಳಲ್ಲಿ ಎ ಇದ್ದಷ್ಟೇ ಟಿ, ಜಿ ಇದ್ದಷ್ಟೇ ಸಿ, ಹಾಗಾಗಿ ಎ 30% ಅಂತ ಕೊಟ್ರೆ ಟಿ 30, ಉಳಿದ 40ರಲ್ಲಿ ಜಿ 20 ಸಿ 20. ಕೋಡಾನ್ ಒಟ್ಟು 64, ಅದರಲ್ಲಿ ಯುಎಎ, ಯುಎಜಿ, ಯುಜಿಎ ಸ್ಟಾಪ್, ಉಳಿದ 61 ಅಮಿನೋ ಆಸಿಡಿಗೆ, ಎಯುಜಿ ಸ್ಟಾರ್ಟ್. ಟೆಂಪ್ಲೇಟಿನಲ್ಲಿ (ನಕಲಿಗೆ ಅಚ್ಚಾಗುವ ಡಿಎನ್‌ಎ ಎಳೆ) ಟಿಎಸಿ ಇದ್ರೆ ಎಂಆರ್‌ಎನ್‌ಎಯಲ್ಲಿ ಎಯುಜಿ, ಆರ್‌ಎನ್‌ಎಯಲ್ಲಿ ಟಿ ಇಲ್ಲ, ಯು.

ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಕೋಚಿಂಗಿಗೆ ಹೋಗುವವರು ದಾರಿಯಲ್ಲಿ ಥಿಯರಿ ಓದಿ, ಚೌಕದ ಲೆಕ್ಕ ಮಾತ್ರ ಮನೆಯಲ್ಲಿ ಪೆನ್ನು ಹಿಡಿದೇ ಮಾಡಿ. ಸಿಇಟಿಯ ಬಯಾಲಜಿ ಪೇಪರಲ್ಲಿ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ ಒಂದು ನಿಮಿಷ 20 ಸೆಕೆಂಡ್ ಮಾತ್ರ ಅಂತ ಇಟ್ಕೊಳ್ಳಿ, ಅದಕ್ಕೇ ಆರ್ಗನೆಲ್, ಕೋಡಾನ್ ಥರದ್ದನ್ನು ಮೊದಲು ಮುಗಿಸಿ ಚೌಕ ಹಾಕುವ ಪ್ರಶ್ನೆಗೆ ಟೈಮ್ ಉಳಿಸಿ. ತಪ್ಪು ಉತ್ತರಕ್ಕೆ ಅಲ್ಲಿ ಮಾರ್ಕ್ ಕಟ್ ಇಲ್ಲ, ಒಂದನ್ನೂ ಖಾಲಿ ಬಿಡ್ಬೇಡಿ. ಬೇರೆ ಎಂಟ್ರೆನ್ಸ್ ಬರೆಯುವವರು ನೆಗೆಟಿವ್ ಮಾರ್ಕ್ ಉಂಟಾ ಅಂತ ಅದರ ಬ್ರೋಷರ್ ನೋಡಿಯೇ ಹೋಗಿ.