ಸಿಡಿಲು ಬಿದ್ದ ಹೊಲದಲ್ಲಿ ರಂಜಕದ ಜಾಡು

ಧಾರವಾಡದ ಹೆಸರನ್ನೇ ಹೊತ್ತ ಶಿಲಾವರ್ಗ ನಮ್ಮ ಕಾಲ ಕೆಳಗಿದೆ. ಗದಗ ಪಟ್ಟಿಯ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹಾಗಿದ್ದರೆ ಆದಿ ಭೂಮಿಯ ಸಿಡಿಲಿನ ಗುರುತನ್ನು ಅಲ್ಲೇ ಹುಡುಕಬಹುದಲ್ಲ ಎನಿಸುತ್ತದೆ. ಆದರೆ ಹುಡುಕಬೇಡಿ, ಸಿಗುವುದಿಲ್ಲ. ಆ ಬಂಡೆಗಳು ಆಳದಲ್ಲಿ ಕಾದು, ಒತ್ತಿ, ಮಡಿಚಿ ಹೋಗಿವೆ. ಸಿಡಿಲಿನ ಗುರುತೆಂದರೆ ಅದು ಮಣ್ಣು ಕರಗಿಸಿ ಮಾಡುವ ಗಾಜು, ಅಂದರೆ ಸಿಡಿಲುಗಾಜು. ಗಾಜು ಅಷ್ಟು ಕಾಲ ಗಾಜಾಗಿ ಉಳಿಯದು, ನಿಧಾನಕ್ಕೆ ಹರಳುಗಟ್ಟುತ್ತದೆ. ನೋಡಬೇಕಾದದ್ದು ಈ ವರ್ಷದ ಸಿಡಿಲು ಸುಟ್ಟ ಮಣ್ಣನ್ನು.

ಯಾಕೆಂದರೆ ಪ್ರಶ್ನೆ ಇರುವುದು ರಂಜಕದ್ದು: ಜೀವ ಹುಟ್ಟಲು ಬೇಕಾದ, ನೀರಿಗೆ ಕರಗುವ ರಂಜಕ ಆದಿ ಭೂಮಿಯಲ್ಲಿ ಎಲ್ಲಿಂದ ಬಂತು? ಸುಣ್ಣ ಹೆಚ್ಚಿರುವ ಎರಿ (ಕಪ್ಪುಮಣ್ಣಿನ) ಹೊಲಕ್ಕೆ ಡಿಎಪಿ ಗೊಬ್ಬರ ಹಾಕಿದರೂ ಬಹುಭಾಗ ಬೆಳೆಗೆ ಸಿಗದೆ ಮಣ್ಣಲ್ಲೇ ಕಟ್ಟಿಕೊಳ್ಳುತ್ತದೆ. ಆದಿ ಭೂಮಿಯಲ್ಲೂ ಕಷ್ಟ ಇದೇ: ರಂಜಕವಿತ್ತು, ಆದರೆ ಅಪಟೈಟ್‌ನಂಥ ನೀರಿಗೆ ಕರಗದ ಖನಿಜಗಳಲ್ಲಿ ಬಂಧಿಯಾಗಿತ್ತು. ಸಿಡಿಲು ಹರಿಯುವ ದಾರಿ ಸುಮಾರು 30,000 ಡಿಗ್ರಿವರೆಗೆ ಕಾಯುತ್ತದೆ. ಬೆಣಚುಕಲ್ಲಿನ ಮರಳು ಕರಗಲು 1,700 ಡಿಗ್ರಿ ಸಾಕು. ಆ ಕಾವಿನಲ್ಲಿ ಫಾಸ್ಫೇಟ್, ಅಂದರೆ ಆಮ್ಲಜನಕದ ಜೊತೆ ಬೆಸೆದ ರಂಜಕ, ತನ್ನ ಆಮ್ಲಜನಕ ಕಳೆದುಕೊಂಡು ಕಬ್ಬಿಣದ ಜೊತೆ ಸೇರಿದರೆ ಶ್ರೈಬರ್ಸೈಟ್ ಎಂಬ ಫಾಸ್ಫೈಡ್ ಹುಟ್ಟುತ್ತದೆ. ಸಾಮಾನ್ಯವಾಗಿ ಇದು ಉಲ್ಕಾಶಿಲೆಯ ಖನಿಜ. ನೀರು ತಾಗಿದರೆ ಇದರಿಂದ ಫಾಸ್ಫೈಟ್‌ನಂಥ, ಸುಲಭವಾಗಿ ಕರಗುವ ರಂಜಕ ಹೊರಬರುತ್ತದೆ. ಅಮೆರಿಕದ ಇಲಿನಾಯ್‌ನ ಜೇಡಿಮಣ್ಣಿನಲ್ಲಿ ಸಿಕ್ಕ ಸಿಡಿಲುಗಾಜಿನಲ್ಲಿ ಈ ಖನಿಜವನ್ನು ಕಂಡ ಸಂಶೋಧಕರಾದ ಹೆಸ್, ಪಿಯಾಝೊಲೊ, ಹಾರ್ವಿ 2021ರಲ್ಲಿ ಲೆಕ್ಕ ಹಾಕಿದರು: ಆದಿ ಭೂಮಿಯಲ್ಲಿ ಸಿಡಿಲಿನಿಂದ ವರ್ಷಕ್ಕೆ 10ರಿಂದ 1,000 ಕಿಲೋ ಫಾಸ್ಫೈಡ್, 100ರಿಂದ 10,000 ಕಿಲೋ ಫಾಸ್ಫೈಟ್ ಮತ್ತು ಅದರಂಥದೇ ಹೈಪೊಫಾಸ್ಫೈಟ್ ಆಗಿರಬಹುದು. ಇಡೀ ಭೂಮಂಡಲಕ್ಕೆ ಇದು ಚಿಟಿಕೆಯಷ್ಟೇ. ಆದರೆ ಉಲ್ಕೆಗಳ ಸುರಿಮಳೆ ಕಡಿಮೆಯಾದ ಮೇಲೆ ಆ ಚಿಟಿಕೆಯೂ ದೊಡ್ಡದೇ.

ಸಿಡಿಲುಗಾಜು ಹುಡುಕಲು ಒಳ್ಳೆಯ ಕಾಲ ಅಡ್ಡಮಳೆಯದು: ಭರಣಿ, ಕೃತ್ತಿಕಾ ಮಳೆಗಳ ದಿನಗಳು. ಹೊಲ ಖಾಲಿ ಇರುತ್ತದೆ, ಮಣ್ಣು ಒಣಗಿರುತ್ತದೆ. ಒಣ ಮರಳುಮಣ್ಣಿನಲ್ಲಿ ವಿದ್ಯುತ್ತು ಒಂದೇ ದಾರಿ ಹಿಡಿದು ಗಾಜಿನ ಕೊಳವೆ ಮಾಡುತ್ತದೆ. ಒದ್ದೆ ಎರಿ ಮಣ್ಣಿನಲ್ಲಿ ಚದುರಿಹೋಗಿ ಗಾಜೇ ಆಗದಿರಬಹುದು. ಹಾಗಾಗಿ ಮಸಾರಿ (ಕೆಂಪು ಮಣ್ಣಿನ) ಹೊಲ, ವರದಾ ಮತ್ತು ತುಂಗಭದ್ರೆಯ ದಂಡೆಯ ಮರಳು ಮೊದಲು ನೋಡಿ. ಕಪ್ಪತಗುಡ್ಡದ ನೆತ್ತಿಯ ಬಂಡೆಗಳ ಮೇಲೂ ತೆಳ್ಳನೆಯ ಗಾಜಿನ ಲೇಪ ಇರಬಹುದು, ಆದರೆ ಅದು ವನ್ಯಜೀವಿ ಧಾಮ. ಫೋಟೊ ತೆಗೆಯಿರಿ, ಕಲ್ಲು ತರಬೇಡಿ.

ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯದೆ ಹೊಲಕ್ಕೆ ಇಳಿಯಕೂಡದು. ಹತ್ತಿರ ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ವಿದ್ಯುತ್ ಕಂಪನಿ ಹೆಸ್ಕಾಂನವರು ಬಂದು ಲೈನ್ ಕಡಿಯುವ ತನಕ ದೂರ ಇರಿ. ಆ ಜಾಗದ ಗಾಜನ್ನು ಲೆಕ್ಕಕ್ಕೂ ಹಿಡಿಯಬೇಡಿ: ಹರಿದ ವಿದ್ಯುತ್ ತಂತಿಯೂ ಮಣ್ಣು ಕರಗಿಸಿ ಇಂಥದೇ ಗಾಜು ಮಾಡುತ್ತದೆ.

ಸಿಡಿಲು ಬಿದ್ದ ಮರದ ಬುಡದಲ್ಲಿ, ಬೇಲಿ ಕಂಬದ ಬಳಿ, ಹುಲ್ಲು ಸುಟ್ಟ ವೃತ್ತದ ನಡುವೆ ಬೆರಳು ತೂರುವಷ್ಟು ತೂತು ಕಂಡರೆ ಅದರ ಮೇಲೆ ನೇರವಾಗಿ ಅಗೆಯಬೇಡಿ. ಒಂದು ಗೇಣು ಪಕ್ಕಕ್ಕೆ ತಗ್ಗು ತೆಗೆದು ಅಲ್ಲಿಂದ ಕುರ್ಪಿಯಲ್ಲಿ ಒಳಗೆ ಕೆರೆಯುತ್ತ ಬನ್ನಿ, ಹತ್ತಿರವಾದಾಗ ಒಂದಿಂಚಿನ ಬಣ್ಣದ ಬ್ರಷ್ ಹಿಡಿಯಿರಿ. ಕೊಳವೆಯ ಗೋಡೆ ಎಷ್ಟೋ ಕಡೆ ಮೊಟ್ಟೆಯ ಚಿಪ್ಪಿನಷ್ಟೇ ತೆಳುವು, ಎಳೆದರೆ ಪುಡಿ. ಸುತ್ತಲ ಮಣ್ಣಿನ ಸಮೇತ ಔಷಧಿ ಅಂಗಡಿಯ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ ಎತ್ತಿ. ಮಧ್ಯೆ ಟಿಶ್ಯೂ ಕಾಗದ ಇರಲಿ. ಫೆವಿಕಾಲ್ ಹಚ್ಚಿ ಗಟ್ಟಿ ಮಾಡಿದರೆ ಆ ಮಾದರಿಯನ್ನು ಲ್ಯಾಬಿಗೆ ಕೊಟ್ಟು ಪ್ರಯೋಜನವಿಲ್ಲ. ಅಂಟು, ಇಂಗಾಲ ಎರಡೂ ಸೇರಿಬಿಡುತ್ತವೆ. ಮಾಸ್ಕ್ ಹಾಕಿಕೊಳ್ಳಿ, ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಬಹಳ ಜನ ಮರೆಯುವುದು ಇದು: ಎರಡು–ಮೂರು ಮೀಟರ್ ಆಚೆ, ಅದೇ ಆಳದಿಂದ ಸುಡದ ಮಣ್ಣು ಅರ್ಧ ಕಿಲೋ ತನ್ನಿ. ಆ ಹೊಲಕ್ಕೆ ಯಾವಾಗ, ಯಾವ ಗೊಬ್ಬರ ಹಾಕಿದ್ದರೆಂದು ರೈತರನ್ನು ಕೇಳಿ ಬರೆದುಕೊಳ್ಳಿ. ಹೋಲಿಕೆಯ ಮಣ್ಣಿಲ್ಲದ ಮಾದರಿಯಿಂದ ರಂಜಕದ ಬಗ್ಗೆ ಏನೂ ಹೇಳಲಾಗದು.

ಇನ್ನು ಮೋಸ ಮಾಡುವ ವಸ್ತುಗಳು, ಈ ಭಾಗದಲ್ಲಿ ಅವೇ ಜಾಸ್ತಿ. ಎರಿ ಹೊಲದ ಸುಣ್ಣದ ಹರಳು ಬೇರಿನ ಸುತ್ತ ಕಟ್ಟಿಕೊಂಡು ಥೇಟ್ ಕೊಳವೆಯಾಗಿಯೇ ಕಾಣುತ್ತದೆ. ಲಿಂಬೆರಸ ಹಿಂಡಿ: ನೊರೆ ಬಂದರೆ ಸುಣ್ಣ. ನೊರೆ ಬಂದ ಮಾತ್ರಕ್ಕೆ ಬಿಸಾಡಬೇಡಿ, ಸುಣ್ಣದ ಮಣ್ಣಿನಲ್ಲೇ ಸಿಡಿಲುಗಾಜು ಹುಟ್ಟುವುದೂ ಉಂಟು. ಮುರಿದ ಅಂಚನ್ನು ನೋಡಿ. ಒಳಮೈ ನುಣ್ಣಗೆ, ಹೊಳಪಾಗಿ, ಗುಳ್ಳೆಗಳಿಂದ ಕೂಡಿದ್ದು ಹೊರಮೈಗೆ ಮರಳು ಅಂಟಿದ್ದರೆ ಅದು ಸಿಡಿಲಿನದು. ಇಟ್ಟಂಗಿ ಭಟ್ಟಿಯ ಕರಕಲು ಗಟ್ಟಿಗೂ ಗಾಜಿದೆ, ಗುಳ್ಳೆಯಿದೆ, ಆದರೆ ನಡುವೆ ತೂತಿಲ್ಲ. ಹಳೆಯ ಕಬ್ಬಿಣದ ಕಿಟ್ಟ ಕೈಗೆ ಭಾರ. ಅಯಸ್ಕಾಂತದ ಪರೀಕ್ಷೆ ನಂಬಬೇಡಿ: ಮಸಾರಿಯಲ್ಲಿ ಕಬ್ಬಿಣದ ಆಕ್ಸೈಡ್ ಕಣಗಳು ಹೇಗೂ ಇರುತ್ತವೆ. ಕಿಟಕಿ ಗಾಜಿನ ಮೇಲೆ ಗೀರುವ ಪರೀಕ್ಷೆಯೂ ಅಷ್ಟೇ, ಗೀರುವುದು ಹೊರಗೆ ಅಂಟಿದ ಮರಳು. ಅನುಮಾನ ತೀರಬೇಕಾದರೆ 0.03 ಮಿಲಿಮೀಟರ್ ತೆಳುಪದರ ಮಾಡಿಸಿ ಧ್ರುವೀಕೃತ ಸೂಕ್ಷ್ಮದರ್ಶಕದ ಕೆಳಗಿಡಿ. ಎರಡು ಧ್ರುವಕಗಳನ್ನು ಅಡ್ಡಡ್ಡ ಇಟ್ಟಾಗ ಗಾಜು ಕಪ್ಪಗೇ ಉಳಿಯುತ್ತದೆ, ಹರಳುಗಳು ಮಿನುಗುತ್ತವೆ. ಭೂವಿಜ್ಞಾನ ಕಲಿಸುವ ಕಾಲೇಜಿನಲ್ಲಿ ಕೇಳಿ ನೋಡಿ.

ರಂಜಕದ ಅಳತೆಗೆ ಮಣ್ಣು ಪರೀಕ್ಷೆಯ ಮಾಲಿಬ್ಡೇಟ್ ನೀಲಿ ವಿಧಾನವೊಂದೇ (ದ್ರಾವಣ ಎಷ್ಟು ನೀಲಿಯಾಯಿತು ಎಂದು ನೋಡಿ ಅಳೆಯುವುದು) ಸಾಲದು. ಅದು ಫಾಸ್ಫೇಟನ್ನು ಮಾತ್ರ ಕಾಣುತ್ತದೆ, ಫಾಸ್ಫೈಟಿಗೆ ಕುರುಡು. ಒಳಪದರದ ಗಾಜನ್ನಷ್ಟೇ ಆರಿಸಿ ಅಗೇಟ್ ಎಂಬ ಗಟ್ಟಿ ಕಲ್ಲಿನ ಖಲ್ಲಿನಲ್ಲಿ ಅರೆದು, 1 ಗ್ರಾಂಗೆ 10 ಮಿಲಿಲೀಟರ್‌ನಂತೆ ಅಯಾನುಮುಕ್ತ ನೀರಲ್ಲಿ ಒಂದು ದಿನ ಅಲುಗಿಸಿ ಸೋಸಿ. ಅರ್ಧ ದ್ರಾವಣವನ್ನು ನೇರವಾಗಿ ಅಳೆಯಿರಿ, ಇನ್ನರ್ಧಕ್ಕೆ ಪರ್‌ಸಲ್ಫೇಟ್ ಹಾಕಿ, ಫಾಸ್ಫೈಟ್ ಫಾಸ್ಫೇಟ್ ಆಗುವಂತೆ ಆಟೊಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ) ಕಾಯಿಸಿ ಅಳೆಯಿರಿ. ಎರಡರ ವ್ಯತ್ಯಾಸ ಒಂದು ಸುಳಿವು, ಪುರಾವೆಯಲ್ಲ: ಸಾವಯವ ರಂಜಕವೂ ಅದರಲ್ಲೇ ಕೂತಿರುತ್ತದೆ. ಗಾಜಿನಿಂದ ಕರಗಿದ ಸಿಲಿಕವೂ ನೀಲಿ ಕೊಡುವುದರಿಂದ ಆಮ್ಲದ ಪ್ರಮಾಣ ಕಟ್ಟುನಿಟ್ಟಾಗಿರಲಿ. ಫಾಸ್ಫೈಟ್ ಇದೆ ಎಂದು ಖಚಿತವಾಗಿ ಹೇಳಲು ಅಯಾನ್ ಕ್ರೊಮ್ಯಾಟೊಗ್ರಫಿ (ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಥವಾ ರಂಜಕದ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುಗಳನ್ನು ಗುರುತಿಸುವ ಪರೀಕ್ಷೆ) ಬೇಕು. ಶ್ರೈಬರ್ಸೈಟ್ ಕಣವನ್ನೇ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಹೊಳಪು ಕೊಡುವಾಗ ನೀರಿನ ಬದಲು ಆಲ್ಕೋಹಾಲ್ ಬಳಸಿ, ಇಲ್ಲದಿದ್ದರೆ ಹುಡುಕುತ್ತಿರುವ ಖನಿಜವೇ ಕೆಡಬಹುದು.

ಫಲಿತಾಂಶ ಬಂದಾಗ ಒಂದು ಎಚ್ಚರಿಕೆ ವಹಿಸಲೇಬೇಕು. ಇಂದಿನ ಹೊಲದಲ್ಲಿ ಬೇರಿದೆ, ಕೊಳೆತ ಕಸವಿದೆ. ಸಿಡಿಲಿಗೆ ಅದು ಇದ್ದಿಲಾಗಿ ತಾನೂ ಫಾಸ್ಫೇಟಿನ ಆಮ್ಲಜನಕ ಕಸಿಯುತ್ತದೆ. ಆದಿ ಭೂಮಿಯಲ್ಲಿ ಬೇರುಗಳಿರಲಿಲ್ಲ, ಗಾಳಿಯಲ್ಲಿ ಈಗಿನಷ್ಟು ಆಮ್ಲಜನಕವೂ ಇರಲಿಲ್ಲ. ಎರಡೂ ವ್ಯತ್ಯಾಸಗಳು ವಿರುದ್ಧ ದಿಕ್ಕಿಗೆ ಎಳೆಯುವುದರಿಂದ ನಿಮ್ಮ ಅಂಕಿಯನ್ನು ನೇರವಾಗಿ ಹಿಂದಕ್ಕೆ ಗುಣಿಸಬೇಡಿ. ಇದ್ದಿಲಿನ ತುಣುಕು ಕಂಡ ಮಾದರಿಯನ್ನೂ ಕಾಣದ ಮಾದರಿಯನ್ನೂ ಬೇರೆ ಬೇರೆ ಚೀಟಿ ಹಚ್ಚಿ, ಒಣ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.