ಮೆಣಸಿನಕಾಯಿ ಬಿಡಿಸುವವರ ಟೊಂಕನೋವಿಗೆ

ಬ್ಯಾಡಗಿ ಸೀಮೆಯಲ್ಲಿ ದಿನವಿಡೀ ಬಗ್ಗಿ ಮೆಣಸಿನಕಾಯಿ ಬಿಡಿಸಿದರೆ ಟೊಂಕದ ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ. ಹೆಚ್ಚು ಕೆಡಿಸುವುದು ಸೊಂಟಕ್ಕೆ ಕಟ್ಟಿ ಕಾಯಿ ತುಂಬಿಕೊಳ್ಳುವ ಉಡಿ: ಮುಂದೆ ಜೋತುಬಿದ್ದ ಭಾರವನ್ನು ಬೆನ್ನೇ ತಡೆದು ಹಿಡಿಯಬೇಕು. 2 ಕಿಲೋ ಆಗುವಷ್ಟರಲ್ಲಿ ಬುಟ್ಟಿಗೆ ಸುರಿಯಿರಿ. ಕೆಳಗಿನ ಕಾಯಿಗೆ ಮಡಿಚಿದ ಗೋಣಿಚೀಲದ ಮೇಲೆ ಒಂದು ಮಂಡಿಯೂರಿ. ಆಗಾಗ ಮಂಡಿ ಬದಲಿಸಿ. ಅರ್ಧ ಗಂಟೆಗೊಮ್ಮೆ ಎದ್ದು, ಟೊಂಕಕ್ಕೆ ಕೈಯಿಟ್ಟು 5 ಸಲ ನಿಧಾನವಾಗಿ ಹಿಂದಕ್ಕೆ ಬಾಗಿ. ಹೊಲದವರು ಗೊಣಗಿದರೆ ಗೊಣಗಲಿ.

ಚೀಲವನ್ನು ಇಬ್ಬರು ಸೇರಿ, ಮಂಡಿ ಮಡಿಚಿ, ಮೈಗೆ ಹತ್ತಿಸಿಕೊಂಡು ಎತ್ತಿ. ಹೊತ್ತಾಗ ಟೊಂಕ ತಿರುಚಬೇಡಿ, ಪಾದ ತಿರುಗಿಸಿ. ರಾತ್ರಿ 15 ನಿಮಿಷ ಶಾಖ ಕೊಡಿ (ಖಾರದ ಕೈಗೆ ಮೊದಲು ಎಣ್ಣೆ ಹಚ್ಚಿ, ಸೋಪಿನಿಂದ ತೊಳೆದುಕೊಂಡು). ಬರೀ ಹೊಟ್ಟೆಯಲ್ಲಿ ನೋವಿನ ಗುಳಿಗೆ ಬೇಡ. ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡ ದವಾಖಾನೆಗೆ ಹೋಗಿ.