ಕಬ್ಬಿನ ಟ್ರೈಲರ್ ಟೈರ್: ಸಿಡಿಯುವ ಮುಂಚೆ ನೋಡಬೇಕಾದದ್ದು

ಕಬ್ಬು ಕಡಿಯುವ ಸೀಸನ್‌ನಲ್ಲಿ ಮಂಡ್ಯ ಕಡೆ ರಸ್ತೆ ಪಕ್ಕ ಟೈರ್ ಸಿಡಿದು ವಾಲಿ ನಿಂತ ಟ್ರೈಲರ್ ಕಾಣುವುದು ಹೊಸದೇನಲ್ಲ. ಎಲ್ಲರೂ ಮೊಳೆಯನ್ನು ಬೈಯುತ್ತಾರೆ. ಆದರೆ ನಿಜವಾದ ಕಳ್ಳ ಎಷ್ಟೋ ಸಲ ಗಾಳಿ. ಗಾಳಿ ಕಡಿಮೆ ಇರುವ ಟೈರ್ ಮೇಲೆ ಲೋಡ್ ಬಿದ್ದರೆ ಅದರ ಪಕ್ಕದ ಭಾಗ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ, ಒಳಗೊಳಗೇ ಬಿಸಿಯಾಗಿ, ನೂಲಿನ ಪದರ ರಬ್ಬರಿನಿಂದ ಬಿಟ್ಟುಕೊಳ್ಳುತ್ತದೆ, ಆಮೇಲೆ ಒಂದು ಸಣ್ಣ ಗುಂಡಿ ಸಾಕು.

ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆಯೇ ಗಾಳಿ ಅಳೆಯುವ ಗೇಜ್ ಹಾಕಿ ನೋಡಿ. ಕಾಲಲ್ಲಿ ಒದ್ದು ನೋಡುವುದು ಲೆಕ್ಕಕ್ಕಿಲ್ಲ! ಪಕ್ಕದಲ್ಲಿ ಉಬ್ಬು ಕಂಡರೆ, ಬಿರುಕಿನೊಳಗೆ ಉಗುರು ಇಳಿದರೆ, ಗ್ರಿಪ್ ಎಷ್ಟೇ ಚೆನ್ನಾಗಿರಲಿ ಆ ಟೈರ್ ಕತೆ ಮುಗಿಯಿತು.

ಹೊಸದು ತರುವಾಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಹುಡುಕಿ. 3523 ಅಂದರೆ 2023ರ 35ನೇ ವಾರ ತಯಾರಾದದ್ದು. ಟ್ರೈಲರ್ ತಿಂಗಳುಗಟ್ಟಲೆ ಬಿಸಿಲಲ್ಲಿ ಸುಮ್ನೆ ನಿಂತಿರುತ್ತದೆ ಅಲ್ವಾ, ಹಾಗಾಗಿ ಗ್ರಿಪ್ ಸವೆಯುವ ಮುಂಚೆಯೇ ರಬ್ಬರಿಗೆ ವಯಸ್ಸಾಗಿಬಿಡುತ್ತದೆ. ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ತಡೆಯುತ್ತದೆ ಅಂತ ಹೇಳುವ ಅಂಕಿ, ಅದನ್ನೂ ನೋಡಿ. 100 ಅಂದರೆ ಒಂದು ಟೈರಿಗೆ 800 ಕಿಲೋ. ಟ್ರೈಲರ್ ತೂಕ, ಕಬ್ಬಿನ ತೂಕ ಎರಡನ್ನೂ ಸೇರಿಸಿ ಒಂದು ಟೈರಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ, ಅದಕ್ಕಿಂತ ಸ್ವಲ್ಪ ಜಾಸ್ತಿ ತಡೆಯುವುದನ್ನೇ ತನ್ನಿ. ನೈಲಾನ್, ರೇಡಿಯಲ್ ಅಂದರೆ ಒಳಗಿನ ನೂಲನ್ನು ಬೇರೆ ಬೇರೆ ರೀತಿ ಹಾಕಿದ ಎರಡು ಬಗೆಯ ಟೈರ್; ಒಂದೇ ಆಕ್ಸಲ್‌ಗೆ ಒಂದು ಅದು, ಒಂದು ಇದು ಬೇಡ.

ಟ್ಯೂಬ್, ಫ್ಲಾಪ್ (ಟ್ಯೂಬಿಗೂ ರಿಮ್ಮಿಗೂ ನಡುವೆ ಹಾಕುವ ರಬ್ಬರ್ ಪಟ್ಟಿ) ಹಳೆಯದೇ ಇರಲಿ ಅಂತ ದುಡ್ಡು ಉಳಿಸಲು ಹೋಗಬೇಡಿ. ನಾನು ಹೋಗಿ ಕೆಟ್ಟಿದ್ದೇನೆ: ಹಿಗ್ಗಿದ್ದ ಹಳೆ ಟ್ಯೂಬ್ ಹೊಸ ಟೈರ್ ಒಳಗೆ ಮಡಚಿಕೊಂಡು, ಮೂರನೇ ಟ್ರಿಪ್‌ಗೇ ಆ ಮಡಿಕೆಯಲ್ಲೇ ಸೀಳಿತು.